ಗುಂಡಿ ಒಂದೇ ಇರಲಿ

ಮಿಲೊಯ್ಕಾ ಹೇಳಿದಳು: ವಿಳಾಸ ಸಾವಿರದ ಒಂಬೈನೂರು,
ಕೊಂಡವರು ನಲವತ್ತೊಂದು.
ಉಳಿದವರು ಗಾಜಿಗೆ ಮೂಗು ಒತ್ತಿ ನೋಡಿ
ಮುಂದೆ ಹೋಗುವ ಪೈಕಿ.
ಅವರನ್ನು ಒಳಗೆ ಕರೆ. ನಿನ್ನ ಸಂಬಳ ಅದಕ್ಕೇ.

ರಾದೊವ್ಲಿಟ್ಸಾದ ಇಳಿಜಾರು ಬೀದಿಯಲ್ಲಿ ಅವಳ ಅಂಗಡಿ:
ಜೇನುಪೆಟ್ಟಿಗೆ, ಮೇಣದ ಹಾಳೆ, ಹೊಗೆಯೂದುವ ತಿದಿ,
ಬೆಂಕಿಪೊಟ್ಟಣದಷ್ಟು ಪಂಜರದಲ್ಲಿ
ಏಳು ದಾಸಿಯರೊಂದಿಗೆ ಅಂಚೆಯಲ್ಲಿ ಹೋಗುವ ರಾಣಿ.
ಅಟ್ಟದ ಮೇಲೆ ನಾನು, ಒಂದು ಕಂಪ್ಯೂಟರ್,
ಕಿಟಕಿಯಾಚೆ ಇನ್ನೂ ಹಿಮ ಬಿಡದ ಬೆಟ್ಟ.

ಮೊದಲ ವಾರ ನಾನೂ ಸಂತೆಯ ಗಂಟಲಲ್ಲಿ ಕೂಗಿದೆ.
'ಕೊನೆಯ ಅವಕಾಶ! ಮಧ್ಯರಾತ್ರಿಯವರೆಗೆ ಮಾತ್ರ!'
ಮಧ್ಯರಾತ್ರಿ ಬಂತು, ಹೋಯಿತು.
ಮರುದಿನ ಮತ್ತೊಂದು ಕೊನೆಯ ಅವಕಾಶ.
ಅರವತ್ತು ಮಂದಿ ಹೆಸರು ತೆಗೆಸಿಕೊಂಡು ನಡೆದರು.
ಒಬ್ಬಾಕೆ ಕಾರಣದ ಜಾಗದಲ್ಲಿ ಬರೆದಿದ್ದಳು:
'ನನ್ನ ಹುಳುಗಳು ಚಳಿಗೆ ಮುದುಡಿ ಸುಮ್ಮನಿವೆ.
ನೀವೂ ಸುಮ್ಮನಿರಿ.'

ಆಮೇಲೆ ಅಂಕಿ ನೋಡುತ್ತ ಕೂತೆ.
ಲೋವ್ರೆಂಟ್ಸ್ ಎಂಬೊಬ್ಬ, ಯೆಸೆನಿಟ್ಸೆಯವನು,
ಪ್ರತಿ ಪತ್ರವನ್ನೂ ಬೆಳಗಿನ ಜಾವ
ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ತೆರೆಯುತ್ತಾನೆ.
ನಾಲ್ಕು ವರ್ಷದಿಂದ. ಕೊಂಡದ್ದು ಸೊನ್ನೆ.
ಕೇಳಿದೆ. 'ರೈಲಿಗೆ ಸಿಗ್ನಲ್ ಎಳೆಯುತ್ತಿದ್ದವನು,
ಆ ಹೊತ್ತಿಗೆ ಏಳುವುದು ಮೈ ಕಲಿತದ್ದು,'
ಅಂದಳು ಮಿಲೊಯ್ಕಾ. 'ಒಂದು ಚಳಿಗಾಲ
ಆರಕ್ಕೆ ಆರೂ ಪೆಟ್ಟಿಗೆ ಸತ್ತವು.'
ಅಷ್ಟು ಹೇಳಿ ಮೇಣ ತೂಗಲು ಕೆಳಗಿಳಿದಳು.

ಸಾವಿರದ ಒಂಬೈನೂರು ಜನಕ್ಕೆ ಬರೆಯುವುದು ಬಿಟ್ಟೆ.
ಕತ್ತಲಲ್ಲಿ ಕನ್ನಡಕ ತಡಕುವ,
ಫೋನಿನ ಬೆಳಕು ಗಲ್ಲಕ್ಕೆ ಬಿದ್ದ
ಒಬ್ಬನಿಗೆ ಬರೆದೆ.

ಹನ್ನೊಂದು ಸಲ ಅಳಿಸಿದ ಮೇಲೆ ಉಳಿದ ತಲೆಸಾಲು:
ಖಾಲಿ ಪೆಟ್ಟಿಗೆಯನ್ನು ಏನು ಮಾಡುವುದು?
ಒಳಗೆ: ಸತ್ತ ಹುಳುಗಳನ್ನು ಹಕ್ಕಿಗರಿಯಿಂದ ಗುಡಿಸಿ.
ಹಳೆಯ ಮೇಣ ಕೆರೆಯಿರಿ.
ಹಲಗೆಗೆ ಬೆಂಕಿಯ ನಾಲಿಗೆ ತಾಕಿಸಿ,
ಕಂದು ಬರುವಷ್ಟು, ಕರಿ ಆಗುವಷ್ಟಲ್ಲ.
ಎರಡು ದಿನ ಬಿಸಿಲಿಗಿಡಿ.
ಮತ್ತೆ ಸಾಕುವ ಮನಸ್ಸಿದ್ದರೆ ಈ ತಿಂಗಳೇ ತಿಳಿಸಿ:
ಐದು ಚೌಕಟ್ಟಿನ ಪುಟ್ಟ ಸಂಸಾರ, ರಾಣಿ ಸಮೇತ.
ಲಿಂಡನ್ ಹೂ ಬಿಡುವ ಹೊತ್ತಿಗೆ ಅದು ಮನೆ ಸೇರಬೇಕು.
ಅವಸರ ನಮ್ಮದಲ್ಲ, ಮರದ್ದು.

ಮಿಲೊಯ್ಕಾ ಓದಿದಳು. ಕೈಗವಸು ಎಲ್ಲಿ?
ಗಾಜಿನ ಜಾಡಿ ಎಲ್ಲಿ? ಅವಕ್ಕೂ ಒಂದೊಂದು ಗುಂಡಿ ಇಡು.
ಬೇಡ, ಅಂದೆ. ಎರಡು ಗುಂಡಿ ಇಟ್ಟರೆ
ಓದುವವ ನಡುವಿನ ಗುಂಡಿಗೆ ಬೀಳುತ್ತಾನೆ.
ಹೂ ಕಂಡು ಬಂದ ಹುಳುವನ್ನೇ ನೋಡು:
ಗೂಡಿನ ಕತ್ತಲಲ್ಲಿ ನಡುಗುತ್ತ ಒಂದು ಗೆರೆ ನಡೆದು,
ತಿರುಗಿ ಬಂದು, ಅದೇ ಗೆರೆ ಮತ್ತೆ ನಡೆದು
ದಿಕ್ಕು ಹೇಳುತ್ತದೆ, ದೂರ ಹೇಳುತ್ತದೆ,
ಬಾಯಿಂದ ಬಾಯಿಗೆ ಒಂದು ಹನಿ ರುಚಿ ಕೊಡುತ್ತದೆ.
ಪಕ್ಕದ ತೋಟವನ್ನು ಹಳಿಯುವುದಿಲ್ಲ.
'ಜೇನಿನ ಪಾಠ ಜೇನಿನವಳಿಗೇ?' ಎಂದು ನಕ್ಕಳು.
ಕೈಗವಸು ಹೋಯಿತು.

ಗುರುವಾರ ಕಳಿಸಿದ್ದು. ಸಂಜೆಗೆ ಇಪ್ಪತ್ತೇಳು ಬೇಡಿಕೆ.
ಮಿಲೊಯ್ಕಾ ನನಗೆ ಕಾಫಿ ತಂದಳು, ಮೊದಲ ಬಾರಿ, ಅಟ್ಟ ಹತ್ತಿ.
ನಾನು ಹುಡುಕಿದ ಹೆಸರು ಅದರಲ್ಲಿರಲಿಲ್ಲ.
ತೆರೆದಿದ್ದ, ಅಷ್ಟೆ.

ಒಂಬತ್ತು ದಿನದ ಮೇಲೆ, ಗುಂಡಿ ಒತ್ತದೆ,
ಪತ್ರಕ್ಕೇ ಮರುಪತ್ರ:
'ಒಂದು ಪೆಟ್ಟಿಗೆಗೆ ಕಂದು ಬಂತು. ಒಂದು ಮೂಲೆ ಕರಿ ಆಯಿತು.
ಹುಳುಗಳಿಗೆ ಸುಟ್ಟ ವಾಸನೆ ಆಗುತ್ತದೆಯೆ?'
ಇದನ್ನು ಯಾವ ಲೆಕ್ಕಕ್ಕೆ ಬರೆಯಲಿ?
ಕೊಂಡವರ ಸಾಲಿಗೆ ಇನ್ನೂ ಸಲ್ಲ,
ನೋಡಿ ಹೋದವರ ಸಾಲಿಗೆ ಇನ್ನು ಸಲ್ಲ.

ಇಲ್ಲ, ಎಂದು ಬರೆದೆ. ವಾರದಲ್ಲಿ ಹೋಗುತ್ತದೆ.
ಕೊನೆಗೆ ಬೆಲೆಯನ್ನೂ ಬರೆದೆ, ನೂರ ಎಪ್ಪತ್ತು ಯೂರೋ,
ಸಣ್ಣ ಅಕ್ಷರದಲ್ಲಿ ಅಡಗಿಸದೆ.
ಮಾರುವವರೆಂದು ಮರೆಮಾಚಿ ಮಾತಾಡಿಸುವುದು
ಅವನಿಗೆ ಮಾಡುವ ಅವಮಾನ ಅನ್ನಿಸಿತು.

ನಿದ್ದೆ ಬರಲಿಲ್ಲ. ಅಟ್ಟದಲ್ಲೇ ಇದ್ದೇನೆ.
ಈಗ ನಾಲ್ಕು ಗಂಟೆ ಹನ್ನೊಂದು ನಿಮಿಷ.
ತೆರೆದಿದ್ದಾನೆ.